ಟೀಚರಮ್ಮನ ಬಿಳಿ ಎಲೆಯ ಅತ್ತಿ

ಇದನ್ನು ಬರೆಯಬೇಕೆಂದು ಮೂರು ಭಾನುವಾರದಿಂದ ಕೂರುತ್ತಿದ್ದೇನೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು ನಾನು. ಒತ್ತಕ್ಷರ ಹುಡುಕುವಷ್ಟರಲ್ಲಿ ಧೈರ್ಯ ಕರಗಿಹೋಗುತ್ತದೆ.

ಎನ್.ಆರ್. ಕಾಲೋನಿಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಮನೆಯವರು ನಿವೃತ್ತ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ. ಮಾಮೂಲ್‌ಪೇಟೆಯಲ್ಲಿ ಹಗ್ಗದ ಅಂಗಡಿಯ ಕೆಲಸ ಮಾಡಿಕೊಂಡೇ ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಅವರಿಂದ. ಸಂಜೆ ಅವರು ಪಾಠ ಹೇಳುತ್ತಿದ್ದರು. ನಾನು ತಾರಸಿಯ ಮೇಲಿನ ಅವರ ಕುಂಡಗಳನ್ನು ಎತ್ತಿ ಇಳಿಸಿ ಮಾಡುತ್ತಿದ್ದೆ.

ಆ ಕುಂಡಗಳ ನಡುವೆ ಒಂದು ಬೋನ್ಸಾಯ್ ಇತ್ತು. ಅತ್ತಿಯ ಜಾತಿಯ ಗಿಡ. ಮೊಳದೆತ್ತರ, ಮುದುಕರ ಮಂಡಿಯಂಥ ಬುಡ. ಎಲೆಯ ನಡುವೆ ಹಸಿರು, ಅಂಚಿಗೆಲ್ಲ ಕೆನೆಯಂಥ ಬಿಳಿ. ಅಂಥದ್ದು ಸುಲಭಕ್ಕೆ ಸಿಗುವುದಿಲ್ಲವಂತೆ. ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ಸಾಕಿದ್ದರು. ಕಣ್ಣಿಗೆ ಪೊರೆ ಬಂದು ಪುಸ್ತಕ ಓದಲಾಗದೆ ಹೋದಾಗಲೂ, 'ಆ ಬಿಳಿ ಮಾತ್ರ ಕಾಣುತ್ತೆ ಕಣಪ್ಪ' ಎನ್ನುತ್ತಿದ್ದರು.

ಹೋದ ವರ್ಷ ಕಣ್ಣಿನ ಆಪರೇಷನ್‌ಗೆಂದು ಆರು ವಾರ ಮೈಸೂರಿನ ಮಗಳ ಮನೆಗೆ ಹೊರಟರು. ಹೊರಡುವ ಮೊದಲು ಅದರ ಕುಂಡ ಬದಲಿಸಬೇಕಿತ್ತು. ಅವರ ಮಾತು, ನನ್ನ ಕೈ. ಗಿಡವನ್ನು ಎತ್ತಿದರೆ ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡಿತ್ತು. ಬಿದಿರು ಕಡ್ಡಿಯಿಂದ ಸಿಕ್ಕು ಬಿಡಿಸಿ ಮೂರನೇ ಒಂದು ಪಾಲು ಕತ್ತರಿಸಿದೆ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು. ಕನಕಪುರದ ಕಡೆ ನಮ್ಮಪ್ಪ ರೇಷ್ಮೆಹುಳಕ್ಕೆಂದು ಹಿಪ್ಪುನೇರಳೆ ಬೆಳೆಯುತ್ತಿದ್ದರು. ಆ ಕಡ್ಡಿ ಮುರಿದರೂ ಇದೇ ಹಾಲು. ಗುರುತಿನವರು ಸಿಕ್ಕ ಹಾಗಾಯಿತು ನನ್ನ ಕೈಗೆ.

"ಗೊಬ್ಬರ ಬೇಡ್ವಾ ಅಮ್ಮ?"

"ಬೇಡ. ಇಟ್ಟಿಗೆ ಚೂರು, ದಪ್ಪ ಮರಳು, ಸಾಕು. ಕೊಬ್ಬಿಸಿದ್ರೆ ನಿನ್ನ ಥರ ಹೊಟ್ಟೆ ಬಂದ್ಬಿಡುತ್ತೆ." ಗಿಡ ಅಲುಗದ ಹಾಗೆ ತಂತಿ ಕಟ್ಟಿ ನೀರು ಹಾಕಿದ ಮೇಲೆ ಅವರು ಮತ್ತೆ ಶುರು ಮಾಡಿದರು. "ಇನ್ನೊಂದು ವಿಷಯ ಕೇಳು. ಹೊಸ ಚಿಗುರು ಬರುತ್ತಲ್ಲ, ಅದ್ರಲ್ಲಿ ಪೂರ್ತಿ ಹಸಿರು..."

"ಗೊತ್ತು ಬಿಡಿ ಅಮ್ಮ. ಹುಳಕ್ಕೆ ಸೊಪ್ಪು ಬೆಳೆದ ಮನೆಯವರು ನಾವು. ಗಿಡ ನೋಡ್ಕೊಳ್ಳೋದು ನಂಗೆ ಹೇಳ್ಕೊಡ್ಬೇಕಾ?"

"ಸರಿ ಮೇಷ್ಟ್ರೇ," ಎಂದು ನಕ್ಕು ಸುಮ್ಮನಾದರು. ದಿನಾ ಸಂಜೆ ತಪ್ಪು ತಿದ್ದಿಸಿಕೊಳ್ಳುವವನಿಗೆ ಅವತ್ತೊಂದು ದಿನ ಗೊತ್ತಿರುವವನಾಗುವ ಆಸೆ. ಅಷ್ಟೇ ಕಾರಣ.

ಅವರು ಹೋಗಿ ಹತ್ತು ದಿನಕ್ಕೆ ಎಲೆ ಉದುರತೊಡಗಿತು. ನನಗೆ ದಿಗಿಲು. ಮೂರನೇ ವಾರ ಬುಡದಿಂದ ಒಂದು ಅಚ್ಚ ಹಸಿರು ಚಿಗುರು ಎದ್ದು ದಿನಕ್ಕಿಷ್ಟು ಏರಿತು. ಬಿಳಿ ಅಂಚಿನ ರೆಂಬೆಗಳು ಮಾತ್ರ ಮಂಕಾಗಿ ನಿಂತಿದ್ದವು. ನಮ್ಮಲ್ಲಿ ಬೆಳ್ಳಗಾದ ಎಲೆ ಎಂದರೆ ರೋಗ. ಹುಳಕ್ಕೆ ಹಾಕುವ ಹಾಗಿಲ್ಲ, ಹರಡುವ ಮೊದಲೇ ಕಿತ್ತು ಎಸೆಯಬೇಕು. ಗಿಡ ಉಳಿದರೆ ಬಿಳಿ ಅಂಚು ಮತ್ತೆ ಬಂದೀತು ಎಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಕತ್ತರಿ ಹಿಡಿದು ಕೂತೆ. ಮನೆಗೆಲಸಕ್ಕೆ ಗವಿಪುರಂನಿಂದ ಬರುವ ಅಕ್ಕ ಬಟ್ಟೆ ಒಣಹಾಕಲು ಮೇಲೆ ಬಂದರು.

"ಯಾಕಣ್ಣ ಹಿಂಗ್ ಬೋಳಿಸ್ತಿದೀಯ? ಅದೇ ಚೆಂದ ಇತ್ತಲ್ಲ."

"ರೋಗ ಅಕ್ಕ ಅದು. ನಿಂಗೆ ಗೊತ್ತಾಗಲ್ಲ, ಸುಮ್ನಿರು."

"ಹೋಗ್ಲಿ ಬಿಡು, ಕಸ ನಾನೇ ತಗೊಂಡೋಗ್ತೀನಿ."

ಟೀಚರಮ್ಮ ವಾಪಸ್ ಬಂದವರು ಕಾಫಿಯನ್ನೂ ಕುಡಿಯದೆ ತಾರಸಿಗೆ ಹತ್ತಿದರು. ಹೊಸ ಕಣ್ಣು. ಗಿಡದ ಸುತ್ತ ಒಂದು ಸುತ್ತು ಬಂದರು.

"ಬಿಳಿ ಎಲೆ ಎಲ್ಲಿ? ಹಸಿರು ಚಿಗುರಿಗೆ ಜೋರು ಜಾಸ್ತಿ. ಅದನ್ನ ಚಿವುಟ್ತಾ ಇರ್ಬೇಕು, ಇಲ್ದಿದ್ರೆ ಬಿಳಿದನ್ನ ಬೆಳೆಯೋಕೇ ಬಿಡಲ್ಲ. ಅವತ್ತು ಅದನ್ನೇ ಹೇಳೋಕ್ ಬಂದೆ."

ಆಗ ನನಗೆ ಅರ್ಥವಾಯಿತು. ಆದರೆ ಬಾಯಿ ಬೇರೆಯೇ ಹೇಳಿತು: "ಉದುರಿಹೋಯ್ತು ಅಮ್ಮ."

ಅವರು ಹೆಬ್ಬೆರಳಿನಿಂದ ರೆಂಬೆಯ ತುದಿ ಸವರಿದರು. "ಇದು ಉದುರಿದ್ದಲ್ಲ. ಕತ್ತರಿಸಿದ್ದು." ನಾನು ಕತ್ತರಿಸಿರಲಾರೆ ಎಂದು ನಂಬಿದ್ದರಿಂದಲೇ ಬಟ್ಟೆ ಹಿಂಡುತ್ತಿದ್ದ ಅಕ್ಕನ ಕಡೆ ತಿರುಗಿದರು. "ಬಟ್ಟೆಗೆ ಅಡ್ಡ ಬಂತು ಅಂತ ಕತ್ತರಿಸಿದ್ಯೇನೇ?"

"ನಾನ್ ಮುಟ್ಟಿಲ್ಲ ಅಮ್ಮ." ಅಕ್ಕ ನನ್ನನ್ನು ನೋಡಿದರು. ನಾನು ನೀರಿನ ಟ್ಯಾಂಕ್ ನೋಡುತ್ತಾ ನಿಂತೆ.

"ನಾಳೆಯಿಂದ ಬಟ್ಟೆ ಕೆಳಗಡೆನೇ ಹಾಕು."

ಕೆಳಗಡೆ ಎಂದರೆ ಎರಡು ಕಾಂಪೌಂಡ್ ನಡುವಿನ ಓಣಿ. ಬಿಸಿಲು ಬೀಳುವುದಿಲ್ಲ. ಹೊದಿಕೆ ಒಣಗದೆ ಅಕ್ಕ ಎರಡೆರಡು ಸಲ ಹಿಂಡಿ ತಿರುವಿ ಹಾಕುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಹನ್ನೊಂದು ದಿನ ನೋಡಿದೆ. ಹನ್ನೊಂದು ಸಂಜೆಯೂ ಟೀಚರಮ್ಮ ಎಂದಿನ ಹಾಗೆ ಪಾಠ ಹೇಳಿದರು, ನಾನು ಬರೆದುಕೊಂಡೆ.

ಹನ್ನೆರಡನೇ ದಿನ ಓಣಿಗೆ ಹೋಗಿ, "ನೀನ್ಯಾಕೆ ಅವತ್ತೇ ಹೇಳ್ಲಿಲ್ಲ ಅಕ್ಕ?" ಎಂದೆ.

"ಹೇಳಿದ್ರೆ? ಓದಿರೋನ್ ಮಾತು ನಂಬ್ತಾರಾ, ನನ್ ಮಾತು ನಂಬ್ತಾರಾ?"

ನನ್ನನ್ನು ಓದಿದವನು ಎಂದು ಅದಕ್ಕೂ ಮೊದಲು ಯಾರೂ ಕರೆದಿರಲಿಲ್ಲ. ಎಷ್ಟು ವರ್ಷ ಕಾದಿದ್ದೆ ಆ ಮಾತಿಗೆ.

ಅಕ್ಕ ಲಂಗದ ನೀರು ಹಿಂಡುತ್ತಲೇ ಹೇಳಿದರು: "ನೀನ್ ಎಸೆದಿದ್ರಲ್ಲಿ ಒಂದ್ ರೆಂಬೆ ಐಸ್‌ಕ್ರೀಮ್ ಡಬ್ಬೀಲಿ ನೆಟ್ಟಿದ್ದೆ. ಚಿಗುರಿದೆ, ಬಿಳಿ ಅಂಚೇ ಇದೆ. ನೀನು ಅಮ್ಮಂಗೆ ಹೇಳು, ತರ್ತೀನಿ. ಅಲ್ಲೀವರ್ಗೂ ತರಲ್ಲ."

ಸಂಜೆ ನಿಂತುಕೊಂಡೇ ಎಲ್ಲ ಹೇಳಿದೆ. ಟೀಚರಮ್ಮ ಪೆನ್ನಿನ ಮುಚ್ಚಳ ಹಾಕಿದರು.

"ಗಿಡ ಹೋಗ್ಲಿ. ಅವಳಿಗೆ ಆ ಮಾತು ನನ್ ಬಾಯಿಂದ ಆಡಿಸ್ಬಿಟ್ಯಲ್ಲಪ್ಪ."

ಮಾರನೇ ದಿನ ಅವರೇ ಓಣಿಗಿಳಿದು ಒದ್ದೆ ಹೊದಿಕೆಯ ಒಂದು ತುದಿ ಹಿಡಿದರು. "ತಪ್ಪು ತಿಳ್ಕೊಂಡೆ ಕಣಮ್ಮ. ಮೇಲೆ ಹಾಕೋಣ ಬಾ."

ಅಕ್ಕ ಡಬ್ಬಿ ತಂದಾಗ ಟೀಚರಮ್ಮ ಆ ನಾಲ್ಕು ಎಲೆಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ನೋಡಿದರು. ಆಮೇಲೆ ವಾಪಸ್ ಕೊಟ್ಟರು. "ಇದು ನಿಂದು. ದೊಡ್ಡದಾದ್ಮೇಲೆ ನಂಗೊಂದು ಕಡ್ಡಿ ಕೊಡ್ತೀಯಾ?"

"ಕೊಡ್ತೀನಿ ಅಮ್ಮ. ಅಣ್ಣನ ಕೈಗೆ ಮಾತ್ರ ಕೊಡಲ್ಲ."

ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

ಹಳೆಯ ಗಿಡ ಈಗ ಪೂರ್ತಿ ಹಸಿರು. ದಿನಾ ನೀರು ಹಾಕುವವನು ನಾನೇ. ನೋಡಿದವರು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಅಕ್ಕ ಪಕ್ಕದಲ್ಲೇ ಬಟ್ಟೆ ಹಾಕುತ್ತಾ ಅಂಗಡಿಯ ಸುದ್ದಿ ಕೇಳುತ್ತಾರೆ. ಟೀಚರಮ್ಮನಿಗೆ ತಪ್ಪಾಯಿತು ಎಂದಿದ್ದೇನೆ, ಅಕ್ಕನಿಗೆ ಇನ್ನೂ ಅಂದಿಲ್ಲ. ಅವರಿಗೆ ಓದಲು ಬರುವುದಿಲ್ಲ. ಹಾಗಾಗಿ ಇಷ್ಟನ್ನು ಟೈಪ್ ಮಾಡಿದರೂ ಹೇಳಿದ ಹಾಗಾಗಲಿಲ್ಲ.