ಆರಾಮ ಅಂದವರ ಸಾಲು

ಬೈರಿದೇವರಕೊಪ್ಪದ ದ್ರಾಕ್ಷಾಯಿಣಿಗೆ ಕೆಮ್ಮು ಬರುತ್ತಿರಲಿಲ್ಲ. ಬೇರೆ ಹೆಂಗಸರು ಬಂಗಾರದ ಬಳೆಯ ಬಗ್ಗೆ ಹೇಳಿಕೊಳ್ಳುವ ಹಾಗೆ ಅವಳು ಇದನ್ನು ಹೇಳಿಕೊಳ್ಳುತ್ತಿದ್ದಳು. ಊರ ಹೊರಗಿನ ಖಾರಪುಡಿ ಕಾರ್ಖಾನೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರಲ್ಲಿ ಅವಳೇ ಎಲ್ಲರಿಗಿಂತ ಹಳಬಳು. ಗಂಡ ತೀರಿಕೊಂಡ ವರ್ಷ ಅಲ್ಲಿ ಕೂತವಳು, ಮತ್ತೆ ಏಳಲಿಲ್ಲ.

ತೊಟ್ಟು ಮುರಿಯುವ ಜಾಗಕ್ಕೂ ಪುಡಿ ಬೀಸುವ ಗಿರಣಿಗೂ ನಡುವೆ ಗೋಡೆ ಇರಲಿಲ್ಲ. ಘಾಟು ನೇರವಾಗಿ ಗಂಟಲಿಗೇ ಬಂದು ಕೂರುತ್ತಿತ್ತು. ಹೊಸಬರು ಕೆಮ್ಮಿದರೆ ಹಳಬರಿಗೆ ನಗೆ: "ಹೊಸ ಸೊಸಿ ಬಂದ್ಳ ನೋಡ್ರಿ!" ಕೆಮ್ಮು ನಿಂತ ದಿನ ಆ ಸೊಸೆ ಕಾರ್ಖಾನೆಯ ಮನೆಮಗಳಾದಳು ಎಂದು ಲೆಕ್ಕ, ಎಲ್ಲರಿಗೂ ಚಹಾ. ಕೆಮ್ಮು ನಿಲ್ಲದವರು ತಾವಾಗಿಯೇ ಕೆಲಸ ಬಿಟ್ಟು ಹೋಗುತ್ತಿದ್ದರು. ಹೋದ ಮೇಲೆ ಅವರ ಗತಿ ಏನಾಯಿತು ಎಂದು ಕೇಳಿದವರಿಲ್ಲ. ಕೇಳುವುದಕ್ಕೆ ಅಲ್ಲಿ ಯಾರಿಗೆ ಪುರಸೊತ್ತು?

ತಂಗಿ ಇಂದುವನ್ನು ಅಲ್ಲಿಗೆ ಕರೆತಂದವಳು ದ್ರಾಕ್ಷಾಯಿಣಿಯೇ. ತಂಗಿ ಎನ್ನುವುದು ಹೆಸರಿಗೆ ಮಾತ್ರ. ತವರೂರು ಅಮ್ಮಿನಬಾವಿಯಲ್ಲಿ ತಾಯಿ ಸತ್ತಾಗ ಇಂದು ಇನ್ನೂ ಅಂಬೆಗಾಲಿಡುವ ಕೂಸು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಗಂಡು ನೋಡಿ, ತನ್ನ ಓಣಿಗೇ ಸೊಸೆಯಾಗಿ ತಂದುಕೊಂಡಿದ್ದಳು. ಇಂದುವಿನ ಮಗಳು ಸಾನ್ವಿ ಶಾಲೆಗೆ ಹೋಗತೊಡಗಿದ ಮೇಲೆ, "ಮನ್ಯಾಗ ಒಬ್ಬಾಕೀನ ಕುಂತು ಏನ್ ಮಾಡ್ತಿ, ನನ್ನ ಬಾಜೂಕ ಬಂದು ಕುಂಡ್ರು" ಎಂದಳು. ತಂಗಿ ದಿನವಿಡೀ ಕಣ್ಣೆದುರಿಗೆ ಇರುತ್ತಾಳಲ್ಲ, ಅಷ್ಟೇ ಅವಳ ಆಸೆ.

ಇಂದು ಕೆಮ್ಮಿದಳು. ಎಲ್ಲರಂತೆ ಕೆಮ್ಮಿದಳು, ಎಲ್ಲರೂ ನಕ್ಕರು. ಆದರೆ ಅವಳ ಕೆಮ್ಮು ನಿಲ್ಲಲಿಲ್ಲ.

"ಅಕ್ಕಾ, ಮಲಗಿದ್ರ ಎದಿ ಬಿಗಿದಂಗ ಆಗ್ತೈತಿ."

"ಹೊಸದಾಗಿ ಎಲ್ಲಾರ್ಗೂ ಹಂಗ. ಬೆಲ್ಲಾ ತಿನ್ನು, ರೂಢಿ ಆಗ್ತೈತಿ."

ಹೀಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ತನಗೆ ರೂಢಿಯಾದದ್ದು ತಾನು ಸಾಕಿದ ಕೂಸಿಗೂ ಆಗುತ್ತದೆ ಎಂದು ನಂಬಿದ್ದಳು.

ಆ ವರ್ಷ ಕಾರ್ಖಾನೆಗೆ ಸ್ನೇಹಲ್ ಎಂಬ ಹೊಸ ಅಧಿಕಾರಿ ಬಂದಿದ್ದಳು. ಕೆಲಸಗಾರರ ಯೋಗಕ್ಷೇಮ ನೋಡಿಕೊಳ್ಳುವುದು ಅವಳ ಕೆಲಸ, ಮತ್ತು ಅದನ್ನು ಅವಳು ನಿಜವಾಗಿಯೂ ಮಾಡಲು ಹೊರಟಿದ್ದಳು, ಪಾಪ. ಮಾಸ್ಕ್ ಹಂಚಿದಳು, ಹರಟೆಗೆ ಅಡ್ಡ ಬರುತ್ತದೆಂದು ಹೆಂಗಸರು ಅದನ್ನು ಕೊರಳಿಗೆ ಇಳಿಸಿಕೊಂಡರು. ಧೂಳನ್ನು ಎಳೆದು ಹೊರಹಾಕುವ ದೊಡ್ಡ ಫ್ಯಾನು ಬೇಕೇ ಬೇಕು ಎಂದು ಮಾಲೀಕರ ಬೆನ್ನು ಹತ್ತಿದಳು. "ಮೊದಲ ಡಾಕ್ಟರ್ ಕಡಿಂದ ತೋರ್ಸೂಣು. ಯಾರಿಗರೆ ತ್ರಾಸ ಐತಿ ಅಂದ್ರ ಹಚ್ಚೂಣು" ಎಂದರು ಮಾಲೀಕರು.

ಡಾಕ್ಟರು ಬಂದ. ಮೈಸೂರು ಕಡೆಯ ಹುಡುಗ, ನಗುಮೊಗದವನು. ಇಲ್ಲಿಯ ಮಾತಿನಲ್ಲೇ ಕೇಳಿದರೆ ಹೆಂಗಸರು ಸಂಕೋಚ ಬಿಡುತ್ತಾರೆ ಎಂದು ಯಾರೋ ಹೇಳಿಕೊಟ್ಟಿರಬೇಕು. ಸಾಲಿನಲ್ಲಿ ಬಂದ ಒಬ್ಬೊಬ್ಬರನ್ನೂ ಕೇಳಿದ, "ಆರಾಮ ಅದೀರೇನ್ರಿ?"

ಇದನ್ನು ಕೇಳಬಾರದಿತ್ತು. ಆರಾಮ ಅದೀರೇನ್ರಿ ಎಂದರೆ ಧಾರವಾಡದ ಕಡೆ ಅದು ನಮಸ್ಕಾರ. ಮೈಯಲ್ಲಿ ಜ್ವರ ಕುದಿಯುತ್ತಿದ್ದರೂ ಅದಕ್ಕೆ ಇರುವುದು ಒಂದೇ ಉತ್ತರ, "ಆರಾಮ್ರಿ." ಕಷ್ಟವೇನಿದ್ದರೂ ಎರಡನೆಯ ಮಾತಿಗೆ ಹೊರಬರುತ್ತದೆ, ಅದೂ ಎದುರಿನವರು ಕೂತು, ಚಹಾ ಕುಡಿದು, "ಮತ್ತ?" ಎಂದ ಮೇಲೆ. ಡಾಕ್ಟರಿಗೆ ಅಷ್ಟು ಹೊತ್ತಿರಲಿಲ್ಲ. ಬಿಬಿಜಾನ ಆರಾಮ ಎಂದಳು, ಮಂಡಿ ಹಿಡಿದುಕೊಂಡು ಬಂದ ಶರಣವ್ವನೂ ಆರಾಮ ಎಂದಳು. ಇಂಥ ಮರ್ಯಾದೆಗೆ ಏನೆನ್ನಬೇಕೋ!

ಇಂದುವಿನ ಸರದಿ ಬಂತು. ಸಾಲು ನೋಡಿಕೊಳ್ಳುವ ಕೆಲಸ ದ್ರಾಕ್ಷಾಯಿಣಿಯದು. ತಂಗಿಯ ಬೆನ್ನ ಹಿಂದೆಯೇ ನಿಂತಿದ್ದಳು.

"ಆರಾಮ ಅದೀನ್ರಿ ಸರ್. ಆದ್ರ..."

"ಆರಾಮ ಅದಾಳ್ರಿ" ಎಂದು ಅಕ್ಕ ನಡುವೆ ಬಾಯಿ ಹಾಕಿದಳು. "ಹೊಸಬಾಕಿ ಅದಾಳ, ಘಾಟು ಹತ್ತೈತಿ, ಅಷ್ಟ." ಕೆಮ್ಮುವವರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಬೆಳಿಗ್ಗೆಯಿಂದ ಹಬ್ಬಿತ್ತು, ತಂಗಿ ಪಕ್ಕದಿಂದ ಎದ್ದು ಹೋಗುವುದು ಅವಳಿಗೆ ಬೇಡವಾಗಿತ್ತು. ಡಾಕ್ಟರು ತಲೆಯಾಡಿಸಿ ಮುಂದಿನವಳನ್ನು ಕರೆದ. ಎಲ್ಲರೂ ಆರಾಮ ಇದ್ದಾರೆಂದ ಮೇಲೆ ಫ್ಯಾನು ಯಾಕೆ ಎಂದು ಮಾಲೀಕರು ಕೈಬಿಟ್ಟರು. ಸ್ನೇಹಲ್ ಮುಖ ಸಣ್ಣದು ಮಾಡಿಕೊಂಡು ಓಡಾಡಿದಳು.

ಆಮೇಲೆ ಒಂದು ಮಧ್ಯಾಹ್ನ ಇಂದು ಕೆಮ್ಮಲಿಲ್ಲ. ಊಟವಾದ ಮೇಲೆ ಬಂದು ಕೂತವಳು ಸುಮ್ಮನೆ ಗೋಡೆಗೆ ಒರಗಿದ್ದಳು. ಅದನ್ನು ಮೊದಲು ಗಮನಿಸಿದವಳು ಬಿಬಿಜಾನ.

"ದ್ರಾಕ್ಷಾಯಿಣಕ್ಕಾ! ನಿನ್ನ ತಂಗಿ ಇವತ್ತ ಕೆಮ್ಮವಲ್ಲಳ. ಮನಿಮಗಳಾದ್ಳು, ಚಹಾ ಕುಡಸು!"

ಹೆಂಗಸರೆಲ್ಲ ಹೋ ಎಂದು ನಕ್ಕರು. ದ್ರಾಕ್ಷಾಯಿಣಿ ಹಿಗ್ಗಿದಳು. ತಂಗಿಯ ಕೆನ್ನೆ ತಟ್ಟಿ, ಗೇಟಿನ ಹೊರಗಿನ ಚಹಾ ಅಂಗಡಿಗೆ ತಾನೇ ಹೋದಳು. ಇಂದು ಏನೋ ಹೇಳಲು ಅವಳ ಸೆರಗು ಹಿಡಿದಿದ್ದಳು. ಅಕ್ಕ ನಗುತ್ತ ಬಿಡಿಸಿಕೊಂಡು ಹೋಗಿದ್ದಳು.

ಕೆಟಲಿ ಹಿಡಿದು ಬಂದಾಗ ಇಂದುವಿನ ತುಟಿ ನೀಲಿಯಾಗಿತ್ತು. ಕೆಮ್ಮುವುದಕ್ಕೂ ಉಸಿರು ಬೇಕು. ಅವಳಲ್ಲಿ ಅದೇ ಉಳಿದಿರಲಿಲ್ಲ. ಸ್ನೇಹಲ್ ಇಬ್ಬರನ್ನೂ ತನ್ನ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ದಾರಿಯಲ್ಲಿ ಉಣಕಲ್ ದಾಟುವ ಮೊದಲೇ ಅಕ್ಕನ ತೊಡೆಯ ಮೇಲೆ ಇಂದು ಹೋಗಿಬಿಟ್ಟಳು. ಸಾಕಿದ ಕೈಯಲ್ಲೇ ಹೋದಳು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದ್ರಾಕ್ಷಾಯಿಣಿ ಮತ್ತೆ ಕೆಲಸಕ್ಕೆ ಹೋದಳು. ಅಲ್ಲಿಗೆ ಹೇಗೆ ಹೋದಳಪ್ಪಾ ಎಂದು ಓಣಿಯವರು ಬೆರಗಾದರು. ತಾಯಿಯಿಲ್ಲದ ಸಾನ್ವಿ ಈಗ ಅವಳ ಮನೆಯಲ್ಲೇ ಇದ್ದಳು. ಆ ಮಗುವಿನ ಮುಂದೆ ಅಳುವ ಹಾಗಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರ ಕಣ್ಣಲ್ಲೂ ಘಾಟಿಗೆ ನೀರು ಸುರಿಯುತ್ತಿರುತ್ತದೆ, ಯಾರು ಯಾಕೆ ಅಳುತ್ತಾರೆಂದು ಯಾರೂ ಕೇಳುವುದಿಲ್ಲ. ಅವಳು ದಿನವೂ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು, ತೊಟ್ಟು ಮುರಿಯುತ್ತ, ಮನಸಾರೆ ಅತ್ತು ಮನೆಗೆ ಬರುತ್ತಿದ್ದಳು.

ಈ ಸಲ ಸ್ನೇಹಲ್ ಪಟ್ಟು ಬಿಡಲಿಲ್ಲ. ದೀಪಾವಳಿಗೆ ಮೊದಲು ಫ್ಯಾನು ಬಂತು. ಹಿರಿಯಳೆಂದು ದ್ರಾಕ್ಷಾಯಿಣಿಯ ಕೈಯಿಂದಲೇ ಗುಂಡಿ ಒತ್ತಿಸಿದರು. ಫ್ಯಾನು ಗುರ್ರೆಂದು ತಿರುಗಿ ಘಾಟನ್ನೆಲ್ಲ ಎಳೆದು ಹೊರಗೆ ಹಾಕಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು, ನಕ್ಕರು. ಸ್ವಲ್ಪ ಹೊತ್ತಿಗೆ ಉಳಿದ ಎಲ್ಲರ ಕಣ್ಣೂ ಒಣಗಿದವು.

ಸ್ನೇಹಲ್ ಹತ್ತಿರ ಬಂದು ದ್ರಾಕ್ಷಾಯಿಣಿಯ ತೋಳು ಹಿಡಿದಳು.

"ಅಕ್ಕಾರ, ಅಳಾಕತ್ತೀರೇನ್ರಿ?"