ಮೇಣದ ಹಾಳೆಯಿಂದ ಉದುರಿದ ಸೊನ್ನೆ

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಇಡ್ಲಿ ಬೇಯಿಸಿ, ಯಜಮಾನರ ಡಬ್ಬಿ ಕಟ್ಟಿಟ್ಟು, ನರಸೀಪುರದಿಂದ ನಂಜನಗೂಡಿನ ಬಸ್ಸು ಹತ್ತಿದೆ. ನಗರಸಭೆ ಕಚೇರಿಯ ಮೆಟ್ಟಿಲ ಬಳಿ ಚಿಕ್ಕಮ್ಮ ಕಾಯುತ್ತಿದ್ದರು. ತಾವಿರುವ ಮನೆಯನ್ನು ಮಗಳ ಹೆಸರಿಗೆ ಬರೆದುಕೊಡಬೇಕೆಂದು ಅವರ ಆಸೆ. ಇ-ಖಾತೆ ಇಲ್ಲದೆ ನೋಂದಣಿಯಾಗದು.

ಗುಮಾಸ್ತರು ಸೈಟು ಹಂಚಿದ ಹಳೆಯ ಆದೇಶವನ್ನು ಬೆಳಕಿಗೆ ಹಿಡಿದರು. ಅಂದು ಸೈಟು ಸಿಕ್ಕವರಿಗೆಲ್ಲ ಕೊಟ್ಟಿದ್ದ ಸೈಕ್ಲೋಸ್ಟೈಲ್ ಪ್ರತಿ ಅದು. ಅರ್ಜಿಯಲ್ಲಿ ಹತ್ತನೇ ಸೈಟು ಎಂದು ಬರೆದಿದ್ದೆವು. ಆದೇಶದಲ್ಲಿ ಚಿಕ್ಕಮ್ಮನ ಹೆಸರಿನ ಮುಂದೆ, ಸೈಟ್ ನಂಬರಿನ ಜಾಗದಲ್ಲಿ, ೧ ಎಂಬ ಅಂಕಿ. ಅದರ ಪಕ್ಕದಲ್ಲಿ ಸಾಸಿವೆಕಾಳಿನಂಥ ಕಪ್ಪು ಗುರುತು.

"ಇದು ಹತ್ತಲ್ಲ ಮೇಡಂ. ಒಂದು ಅಂತ ಬರದು ಚುಕ್ಕಿ ಇಟ್ಟವ್ರೆ. ಒಂದನೇ ಸೈಟು ಆಗ್ಲೇ ಬೇರೆಯವ್ರಿಗೆ ಖಾತೆ ಆಗೋಗದೆ. ನಿಮ್ದು ನಕಲಿ ಇದ್ದಂಗದೆ."

"ನಕಲಿಯಾ? ಮಗಳ ಬಾಣಂತನ ಮಾಡಿದ ಮನೆ ಕಣಪ್ಪ ಅದು" ಎಂದರು ಚಿಕ್ಕಮ್ಮ.

ನನಗೆ ಮೈ ಉರಿಯಿತು. ನಾನು ಓದಿದ ಕಾನ್ವೆಂಟಿನ ಆಫೀಸಿನಲ್ಲಿ ಸೈಕ್ಲೋಸ್ಟೈಲ್ ಯಂತ್ರವಿತ್ತು. ಸಿಸ್ಟರ್ ಮೇಣದ ಹಾಳೆಯ ಮೇಲೆ ಟೈಪು ಮಾಡಿ, ಅದನ್ನು ಉರುಳೆಗೆ ಸುತ್ತಿ, ಹಿಡಿ ತಿರುಗಿಸುತ್ತಿದ್ದರು. ಕೀಲಿಯನ್ನು ಜೋರಾಗಿ ಕುಟ್ಟಿದರೆ ದುಂಡನೆಯ ಅಕ್ಷರಗಳ ಒಳಗಿನ ಮೇಣ ಉದುರಿಹೋಗಿ, ಅಲ್ಲಿ ಮಸಿ ತುಂಬಿಕೊಂಡು, ಸೊನ್ನೆ ಕಪ್ಪು ಚುಕ್ಕಿಯಾಗುತ್ತಿತ್ತು. ಪ್ರಶ್ನೆಪತ್ರಿಕೆಗೆ ಬೊಟ್ಟು ಇಟ್ಟಿದ್ದಾರೆ ಎಂದು ನಾವು ನಗುತ್ತಿದ್ದೆವು. ಇದನ್ನೆಲ್ಲ ಸಮಾಧಾನವಾಗಿಯೇ ವಿವರಿಸಿದೆ. ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಆದೇಶದ ತಲೆಬರಹದಲ್ಲಿ ಊರಿನ ಹೆಸರಿತ್ತು. ಅದರ ಸೊನ್ನೆಯೂ ಹಾಗೆಯೇ ಕಪ್ಪಾಗಿತ್ತು. ಅದರ ಮೇಲೆ ಬೆರಳಿಟ್ಟೆ. "ಇದೂ ಚುಕ್ಕಿಯೇ ಆದ್ರೆ, ನೀವು ಕೂತಿರೋದು ನಂಜನಗೂಡಲ್ಲ, ನ-ಚುಕ್ಕಿ-ಜನಗೂಡು. ಬೋರ್ಡು ಬದಲಾಯಿಸ್ತೀರಾ?"

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಗುಮಾಸ್ತರು ಮಾತ್ರ ನಗಲಿಲ್ಲ. "ಊರೆಸ್ರು ಎಲ್ರಿಗೂ ಗೊತ್ತದೆ ಮೇಡಂ. ಸೈಟ್ ನಂಬರು ಅಂಗಲ್ಲ. ನೀಟಾಗಿರೋ ಜೆರಾಕ್ಸ್ ತಕ್ಕಬನ್ನಿ."

ಮೂಲದಲ್ಲೇ ಮಸಿ ಕವಿದಿರುವಾಗ ಜೆರಾಕ್ಸ್ ಎಲ್ಲಿಂದ ನೀಟಾಗಬೇಕು? ಹತ್ತನೇ ನಂಬರಿಗೆ ಯಾರ ಹೆಸರಿದೆ ನೋಡಿ ಎಂದೆ. ಯಾರದೂ ಇಲ್ಲ, ಖಾಲಿ ಎಂದರು. ಖಾಲಿ ಏಕಿದೆ ಎಂದು ಮಾತ್ರ ಅವರಿಗೆ ಅನ್ನಿಸಲಿಲ್ಲ. ಅರ್ಜಿ ವಾಪಸು ಬಂತು. ಚಿಕ್ಕಮ್ಮ ಅದನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು, ಬಸ್‌ಸ್ಟ್ಯಾಂಡಿನತ್ತ ನಡೆದರು. ಮನೆ ಕಟ್ಟಿ ಬಾಳಿದವರ ಮೇಲೆ ಸುಳ್ಳಿನ ಅಪವಾದ ಹೊರಿಸುವುದು ಇಷ್ಟು ಸಲೀಸೇ?

ಸಂಜೆ ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆಗೆ ಎಲ್ಲವನ್ನೂ ಹೇಳಿಕೊಂಡೆ. ಆಕೆ ಕ್ಲಿಪ್ಪುಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಲೇ ಅಂದಳು: "ಒಂದನೇ ನಂಬರು ಅಂದ್ರೆ ಮೂಲೆ ಸೈಟಲ್ವಾ ಅಕ್ಕ? ಅದ್ಕೆ ರೇಟು ಜಾಸ್ತಿ. ಸುಮ್ನೆ ಒಪ್ಕಂಡಿದ್ರೆ ಒಳ್ಳೇದೇ ಆಯ್ತಿತ್ತು, ಬುಡಿ."