ಅಸಲಿ ಚಕ್ರದ ಗುರುತು

ಮೊನ್ನೆ ಭಾನುವಾರ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಾಗ ಕಿಟಕಿಯಿಂದ ಗ್ರೀಸಿನ ವಾಸನೆ ಬಂತು. ಬದುಕಿನ ಬಹುಭಾಗ ಅಂಧೇರಿಯಲ್ಲಿ ಕಳೆದವಳು ವಾಸನೆಗಳ ಬಗ್ಗೆ ತಕರಾರು ತೆಗೆಯಬಾರದು. ಗಟಾರ, ಒಣಮೀನು, ಪಕ್ಕದ ಫ್ಲ್ಯಾಟಿನ ಅಗರಬತ್ತಿ, ಎಲ್ಲವೂ ಬರುತ್ತವೆ, ಹೋಗುತ್ತವೆ. ಇದು ಹಾಗೆ ಹೋಗಲಿಲ್ಲ. ಇದು ಹಳೆಯ ಗ್ರೀಸು, ವರ್ಷಗಟ್ಟಲೆ ಕಬ್ಬಿಣದ ಸಂದಿಯಲ್ಲಿ ಕೂತು ಕಮಟು ಹಿಡಿದದ್ದು. ಚಾಕು ಕೆಳಗಿಟ್ಟು ಕಿಟಕಿಗೆ ಹೋದೆ.

ಕಾಂಪೌಂಡಿನಲ್ಲಿ ಮೂರನೆಯ ಮಹಡಿಯ ರಾಯರ ಮಗ ನಿಖಿಲ ತಾನು ಹೊಸದಾಗಿ ಕೊಂಡ ಹಳೆಯ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಇಂಗ್ಲಿಷ್ ಗಾಡಿ. ಒಂದು ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದ. ನನ್ನನ್ನು ಕಂಡು ಕೈಬೀಸಿದ. "ಆಂಟಿ, ಬನ್ನಿ ನಾ ಕೆಳಗೆ. ವ್ಹೀಲ್ಸ್ ನೋಡಿ. ಎಲ್ಲಾ ಒರಿಜಿನಲ್ ಅಂತೆ, ಬೇಚನೇವಾಲಾ ಹೇಳಿದ." ಯಾರನ್ನು ಕರೆಯುತ್ತಿದ್ದೇನೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ನಿಮಗೆ ಹೇಳಿ ಮುಗಿಸುತ್ತೇನೆ. ನನ್ನ ಮಂಡಿಗಳ ದಯೆಯಿಂದ ನಮಗೆ ಬೇಕಾದಷ್ಟು ಹೊತ್ತಿದೆ.

ಜರಿ ಸೀರೆ ತೋರಿಸಿ ಅಸಲಿಯೋ ನಕಲಿಯೋ ಎಂದು ಕೇಳಿದರೆ ನಾನು ಬೆಪ್ಪುತಕ್ಕಡಿಯ ಹಾಗೆ ನಗುತ್ತೇನೆ. ಚಿನ್ನ, ತುಪ್ಪ, ಮನುಷ್ಯರು, ಯಾವುದರಲ್ಲೂ ನನ್ನ ಅಂದಾಜು ಸರಿಹೋದದ್ದಿಲ್ಲ. ಆದರೆ ಸೈಕಲ್ಲಿನಂಥ ಕಡ್ಡಿಚಕ್ರದ ಹಳೆಯ ಕಾರನ್ನು ತಂದು ನಿಲ್ಲಿಸಿ, ಈ ಚಕ್ರ ಕಾರ್ಖಾನೆಯಿಂದ ಗಾಡಿಯ ಜೊತೆ ಬಂದದ್ದೋ ಆಮೇಲೆ ಯಾರೋ ಹಾಕಿಸಿದ್ದೋ ಎಂದು ಕೇಳಿ, ಕನ್ನಡಕವಿಲ್ಲದೆ ಹೇಳುತ್ತೇನೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿಗೆ ಏನೇನು ಬರುತ್ತೆ?" ಎಂದಾಗ, ಹಾಡೂ ಹಸೆಯೂ ಬಾರದ ನಾನು ಇದನ್ನೇ ಹೇಳಿಬಿಟ್ಟಿದ್ದೆ. ಅವರು ಕಾಫಿಗೂ ಕಾಯದೆ ಎದ್ದರು. ಮಿಕ್ಕ ಉಪ್ಪಿಟ್ಟನ್ನು ಬಾಣಲೆಯಿಂದಲೇ ತಿನ್ನುತ್ತ ಅಣ್ಣ ಅಂದದ್ದು ಇಷ್ಟು: "ಬಿಡೇ, ಅವರ ಸ್ಕೂಟರ್ ಚಕ್ರಾನೂ ಸರಿಯಿರಲಿಲ್ಲ."

ಅಣ್ಣ ಎಂದರೆ ಶ್ರೀಧರ, ನನ್ನ ಒಬ್ಬನೇ ಒಡಹುಟ್ಟು. ಅಪ್ಪ ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮೈಸೂರು ಕಡೆಯಿಂದ ಬಂದು, ಇಸ್ತ್ರಿ ಮಾಡಿದ ಅಂಗಿಯೊಂದೇ ಆಸ್ತಿ ಎಂದುಕೊಂಡಿದ್ದ ಮನುಷ್ಯ. ಮಗ ಬಿ.ಎಸ್ಸಿ. ಮುಗಿಸಿ ಬ್ಯಾಂಕಿಗೆ ಸೇರುವ ಬದಲು ಗ್ಯಾರೇಜು ಸೇರಿದ್ದನ್ನು ಅವರು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. "ಡಿಗ್ರಿ ಮಾಡಿ ಟಯರ್ ಉಜ್ತಾ ಕೂತಿದ್ಯಲ್ಲೋ," ಎನ್ನುತ್ತಿದ್ದರು. "ಬ್ಯಾಂಕಲ್ಲಿ ಕೂತಿದ್ರೂ ಏನೋ ಒಂದು ಉಜ್ಜಬೇಕಿತ್ತಲ್ಲಪ್ಪ," ಎನ್ನುತ್ತಿದ್ದ ಅಣ್ಣ.

ಅಣ್ಣನಿಗೂ ನಿಖಿಲನದರಂಥದೇ ಒಂದು ಗಾಡಿಯಿತ್ತು. ಮೊದಲು ಅದು ಒಬ್ಬ ಪಾರ್ಸಿ ಅಜ್ಜಿಯ ಷೆಡ್ಡಿನಲ್ಲಿ ಪಾರಿವಾಳಗಳಿಗೆ ಮನೆಯಾಗಿ ನಿಂತಿತ್ತು. ಅಜ್ಜಿಯ ಓಡಾಟದ ಕಾರನ್ನು ಅಣ್ಣ ವರ್ಷಗಟ್ಟಲೆ ನೋಡಿಕೊಂಡಿದ್ದಕ್ಕೆ ಆಕೆ "ಲೇ ಜಾ, ಬೇಟಾ" ಎಂದು ಇದನ್ನು ಕೊಟ್ಟುಬಿಟ್ಟಳು. ಕಂಪನಿಯ ಹೆಸರು ಹೇಳುವುದಿಲ್ಲ. ಬಲ್ಲವರು ಮಾಡೆಲ್ಲು, ವರ್ಷ ಎಂದು ಜಗಳಕ್ಕೆ ನಿಲ್ಲುತ್ತಾರೆ. ಎರಡು ಮಳೆಗಾಲ ಅಣ್ಣ ಇದೇ ಕಾಂಪೌಂಡಿನಲ್ಲಿ ತಗಡಿನ ಮಾಡು ಕಟ್ಟಿಕೊಂಡು ಅದನ್ನು ಬದುಕಿಸಿದ. ಆಮೇಲೆ ಅದು ಅಂಧೇರಿಯ ಸಿನಿಮಾ ಸ್ಟುಡಿಯೋಗಳಿಗೆ ಬಾಡಿಗೆಗೆ ಹೋಗತೊಡಗಿತು. ನಾಯಕರು ಅದರಲ್ಲಿ ಕೂತು ಹಾಡುವಂತೆ ಬಾಯಾಡಿಸುತ್ತಿದ್ದರು. ಗಾಡಿ ಕೆಟ್ಟು ನಿಂತರೆ ಅಣ್ಣ ಹಿಂದಿನಿಂದ ತಳ್ಳುತ್ತಿದ್ದ, ಕ್ಯಾಮೆರಾಕ್ಕೆ ಕಾಣದ ಹಾಗೆ ಬಗ್ಗಿ.

ಟಾರ್ಚು ಹಿಡಿಯುವ ಕೆಲಸ ನನ್ನದು, ಅದರ ಸಂಬಳವಾಗಿ ಪಾಠ. ಮೊದಲು ಕಡ್ಡಿಗಳನ್ನು ಎಣಿಸಬೇಕು. ನಮ್ಮ ಗಾಡಿಗೆ ಕಾರ್ಖಾನೆ ಕೊಟ್ಟದ್ದು ನಲವತ್ತೆಂಟು ಕಡ್ಡಿಯ ಚಕ್ರ. ಅದಕ್ಕಿಂತ ಹೆಚ್ಚಿದ್ದರೆ ಗಟ್ಟಿಯೇನೋ ಹೌದು, ಆದರೆ ಆಮೇಲೆ ಬಂದದ್ದು. ಎರಡನೆಯದು ಬಣ್ಣ. ಕಾರ್ಖಾನೆಯದು ಮಂಕು ಬೆಳ್ಳಿ ಬಣ್ಣ. ಕನ್ನಡಿಯಂತೆ ಥಳಥಳ ಎಂದರೆ ಯಾರದೋ ಷೋಕಿ. ಕೊನೆಗೆ, ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ದಪ್ಪ ಕೊಳವೆ ಇದೆಯಲ್ಲ, ಎತ್ತಿನ ಗಾಡಿಯಲ್ಲಿ ಗುಂಬ ಎನ್ನುತ್ತೇವೆ, ಅದರ ಒಳಬದಿಯ ಅಂಚಿನಲ್ಲಿ ಮಾಡಿದವರ ಮುದ್ರೆ ಒತ್ತಿರುತ್ತದೆ. ಚಕ್ರ ಬಿಚ್ಚದೆ ಅದು ಕಾಣುವುದಿಲ್ಲ. ಗ್ರೀಸು ಸರಿಸಿ, ಹೆಬ್ಬೆರಳಾಡಿಸಿ ಓದಬೇಕು. "ಕಣ್ಣು ಮೋಸ ಹೋಗುತ್ತೆ ಕಣೇ, ಬೆರಳು ಹೋಗಲ್ಲ," ಎನ್ನುತ್ತಿದ್ದ.

ಆಯುಧಪೂಜೆಯ ದಿನ ಅವನು ನಾಲ್ಕೂ ಚಕ್ರ ಬಿಚ್ಚಿ, ತೊಳೆದು, ಊಟಕ್ಕೆ ಕೂತ ನೆಂಟರ ಹಾಗೆ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದ. ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು ಗಲಿಬಿಲಿಗೊಂಡಳು. ಹೊಲಿಗೆ ಮಷೀನಿಗೆ, ಈಳಿಗೆಮಣೆಗೆ ಹಣೆ ಎಲ್ಲಿದೆ ಎಂದು ಅವಳಿಗೆ ಗೊತ್ತು. "ಇದಕ್ಕೆ ಮುಖ ಯಾವ ಕಡೆ ಇದ್ಯೋ?" ಎಂದಳು. ಅಣ್ಣ ಒಂದು ಚಕ್ರವನ್ನು ಮಗುಚಿ, ಗುಂಬದ ಒಳಗಿನ ಮುದ್ರೆ ತೋರಿಸಿದ. "ಇದರ ಹೆಸರು ಇಲ್ಲಿ ಬರ್ದಿದೆ ನೋಡಮ್ಮ. ಇಲ್ಲೇ ಇಡು." ಅವನು ತಮಾಷೆಗೆ ಅಂದದ್ದು. ಅಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಲ್ಲಿ ತೆಗೆದು ಆ ಅಕ್ಷರಗಳ ಮೇಲೆ ಒತ್ತಿ ಹಚ್ಚಿದಳು, ನಾಲ್ಕಕ್ಕೂ. ಅಪ್ಪ ಪೇಪರಿನ ಮರೆಯಿಂದ ನೋಡಿ, "ಲೋಕದಲ್ಲಿ ಎಲ್ಲರೂ ಹೊರಗೆ ಹಚ್ಚಿದ್ರೆ ನೀವು ಒಳಗೆ ಹಚ್ಚಿ," ಎಂದರು. ಅಂದಿನಿಂದ ವರ್ಷವರ್ಷವೂ ಹಾಗೆಯೇ ನಡೆಯಿತು. ಕುಂಕುಮ ಗ್ರೀಸಿನ ಜೊತೆ ಸೇರಿ ಅಕ್ಷರಗಳ ಗೀರಿನೊಳಗೆ ಕೂತುಬಿಟ್ಟಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಖಂಡಾಲಾ ಘಾಟಿನಲ್ಲಿ ಷೂಟಿಂಗ್ ಇದೆ, ಗಾಡಿ ಬೇಕು ಎಂದು ಯಾರೋ ಇಬ್ಬರು ಬಂದು ಕರೆದರು. ಅಣ್ಣ "ನಾಡಿದ್ದು ಬರ್ತೀನಿ" ಎಂದು ಹೋದ. ಬರಲಿಲ್ಲ. ಆ ಇಬ್ಬರು ಕೊಟ್ಟಿದ್ದ ವಿಳಾಸದಲ್ಲಿ ಒಂದು ಟೈಲರ್ ಅಂಗಡಿ ಇತ್ತು. ಘಾಟಿನಲ್ಲಿ ಯಾವ ಷೂಟಿಂಗೂ ನಡೆದಿರಲಿಲ್ಲ. ಅಣ್ಣನೂ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ. ಪೊಲೀಸರು ಸ್ವಲ್ಪ ದಿನ ಓಡಾಡಿ, ದೊಡ್ಡ ಹುಡುಗ, ಯಾವಳ ಜೊತೆಗೋ ಹೋಗಿರಬೇಕು, ತಾನೇ ಬರುತ್ತಾನೆ ಎಂದು ಕೈತೊಳೆದುಕೊಂಡರು.

ಅಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಂಥ ಸಂಪ್ರದಾಯಸ್ಥೆ, ಮಗ ಯಾವಳನ್ನೋ ಓಡಿಸಿಕೊಂಡು ಹೋಗಿರಲಿ ಎಂದು ದೇವರನ್ನು ಬೇಡಿಕೊಂಡಳು. ಅವಳ ತರ್ಕ ಸರಳವಾಗಿತ್ತು. "ಗಾಡಿ ಎಲ್ಲೂ ಸಿಕ್ಕಿಲ್ಲ ತಾನೆ? ಹಾಗಾದ್ರೆ ಅದನ್ನ ಅವನೇ ಓಡಿಸ್ತಿದಾನೆ."

ಈ ತರ್ಕಕ್ಕೆ ಅಪ್ಪ ಕಾವಲು ನಿಂತರು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳೆಯ ಸಾಮಾನಿನ ಗಲ್ಲಿಗಳಿವೆ. ಮುಂಬಯಿಯಲ್ಲಿ ಕಳವಾದ ಗಾಡಿ ಅಲ್ಲಿಗೆ ಬಿಡಿಬಿಡಿಯಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಆಫೀಸು ಮುಗಿದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೊರಟರು. ಅವರಿಗೆ ಚಕ್ರದ ಗಂಧಗಾಳಿ ಇರಲಿಲ್ಲ. "ನೀನು ನೋಡಿ ಹೇಳಮ್ಮ, ನಂಗೆ ಎಲ್ಲಾ ಒಂದೇ ಥರ ಕಾಣುತ್ತೆ," ಎನ್ನುತ್ತಿದ್ದರು. ಮಗನ ಗಾಡಿಯಲ್ಲಿ ಒಮ್ಮೆಯೂ ಕೂರದ ಮನುಷ್ಯ, ಇಸ್ತ್ರಿ ಅಂಗಿಯಲ್ಲಿ ತುಕ್ಕು ಹಿಡಿದ ರಾಶಿಗಳ ಮುಂದೆ ನಿಂತು "ಸ್ಪೋರ್ಟ್ಸ್ ಕಾರ್ ಕಾ ಪಹಿಯಾ ಹೈ ಕ್ಯಾ?" ಎಂದು ತಮ್ಮ ಮೈಸೂರು ಹಿಂದಿಯಲ್ಲಿ ಕೇಳುವಾಗ ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

ನಾವು ಹುಡುಕುತ್ತಿದ್ದದ್ದು ಸಿಗದಿರಲಿ ಎಂದು. ಇಂಥ ಹುಡುಕಾಟವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಡ್ಡಿ ಜಾಸ್ತಿಯಿದ್ದರೆ ನನಗೆ ಜೀವ ಬಂದಂತಾಗುತ್ತಿತ್ತು. ಚಕ್ರ ಥಳಥಳಿಸಿದರೆ ಅಪ್ಪನ ಮುಖ ನೋಡಿ ತಲೆಯಾಡಿಸುತ್ತಿದ್ದೆ. ಆಮೇಲೆ ಕಾಫಿಗೆಂದು ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿಗೆ ಹೋಗುತ್ತಿದ್ದೆವು. ಅಲ್ಲಿಯ ಮಾಣಿಗೆ ನಮ್ಮ ಪರಿಚಯವಾಗಿ, "ಎಂತ, ಇವತ್ತೂ ಸಿಗ್ಲಿಲ್ವಾ ನಿಮ್ಮ ಸಾಮಾನು?" ಎಂದು ಕೇಳುತ್ತಿದ್ದ. "ಇಲ್ಲಪ್ಪ," ಎಂದು ಅಪ್ಪ ನಗುನಗುತ್ತ ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಬಾಗಿಲಲ್ಲೇ "ಸಿಕ್ತಾ?" ಎನ್ನುವಳು. "ಇಲ್ಲ," ಎನ್ನುವರು ಅಪ್ಪ. ಅಮ್ಮ ಒಳಗೆ ಹೋಗಿ ದೇವರ ದೀಪ ಹಚ್ಚುವಳು. ಅವಳಿಗೆ ಇನ್ನೊಂದು ವಾರದ ಮಟ್ಟಿಗೆ ಮಗ ಸಿಕ್ಕಂತೆ ಆಗುತ್ತಿತ್ತು.

ಹೀಗೆ ಎಷ್ಟೋ ಶನಿವಾರಗಳು ಕಳೆದು, ತೊಂಬತ್ತರ ದಶಕ ಹುಟ್ಟಿದ ಮೇಲಿನ ಒಂದು ಶನಿವಾರ. ಗಲ್ಲಿಯ ಮುದುಕ ಅಂಗಡಿಯವನೊಬ್ಬ ನಮ್ಮನ್ನು ತಾನಾಗಿ ಕರೆದ. ಗೋಣಿಚೀಲ ಸರಿಸಿ ಒಂದು ಚಕ್ರ ತೋರಿಸಿದ. ಮಂಕು ಬೆಳ್ಳಿ ಬಣ್ಣ. ಕಡ್ಡಿ ಎಣಿಸಲು ಶುರುಮಾಡಿ ನಡುವೆ ತಪ್ಪಿ ಮತ್ತೆ ಎಣಿಸಿದೆ. ನಲವತ್ತೆಂಟು. ಇಂಥ ಗಾಡಿ ಊರಲ್ಲಿ ಇನ್ನೂ ಇದ್ದಾವು, ಇಷ್ಟಕ್ಕೇ ನಮ್ಮದಾಗಬೇಕಿಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಪ್ಪ, ಎಂದೂ ಗ್ರೀಸು ಮುಟ್ಟದ ಅಪ್ಪ, ಪಂಚೆ ಉಟ್ಟವರಂತೆ ನೆಲಕ್ಕೆ ಕೂತು ಚಕ್ರವನ್ನು ಮಗುಚಿದರು. ಗುಂಬದೊಳಗೆ ಹೆಬ್ಬೆರಳು ಇಳಿಸಿ ನಿಧಾನವಾಗಿ ಉಜ್ಜಿದರು. ಬೆರಳು ಹೊರಗೆ ಬಂದಾಗ ಅದು ಕಪ್ಪಾಗಿರಲಿಲ್ಲ, ಕೆಂಪಾಗಿತ್ತು.

ಲೋಕದಲ್ಲಿ ಯಾರೂ ಕುಂಕುಮ ಹಚ್ಚದ ಜಾಗ ಅದು. ಅಣ್ಣ ಹಸಿವಿನಿಂದ ಸತ್ತರೂ ಆ ಚಕ್ರ ಮಾರುವವನಲ್ಲ.

ಅಪ್ಪ ನನ್ನ ಮುಖ ನೋಡಲಿಲ್ಲ. ಎದ್ದು ನಿಂತು, "ಇದು ನಕಲಿ," ಎಂದರು. ಅಂಗಡಿಯವನಿಗೆ ಅವಮಾನವಾಯಿತು. "ನಕಲಿ? ಸಾಬ್, ಏ ತೋ ಪಕ್ಕಾ ಕಂಪನಿ ಕಾ ಮಾಲ್ ಹೈ. ವಿಲಾಯತಿ." ಅಪ್ಪ ಮತ್ತೊಮ್ಮೆ, "ನಕಲಿ," ಎಂದರು. ಆಮೇಲೆ ನನ್ನ ಮೊಣಕೈ ಹಿಡಿದು, "ನಡಿಯಮ್ಮ, ಟ್ರೈನ್ ರಷ್ ಆಗುತ್ತೆ," ಎಂದರು. ಅಂದು ನಾವು ಕಾಫಿಗೆ ಹೋಗಲಿಲ್ಲ.

ಪೊಲೀಸರಿಗೆ ಏಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳಿದ್ದರೆ ಅವರು ಮನೆಗೆ ಬರುತ್ತಿದ್ದರು, ಅಮ್ಮನ ಎದುರು ಕೂತು ಬರೆದುಕೊಳ್ಳುತ್ತಿದ್ದರು. ಲೋಕಲ್ ಟ್ರೈನಿನಲ್ಲಿ ಅಪ್ಪ ಇಡೀ ದಾರಿ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಒರೆಸಿಕೊಳ್ಳಲು ಅವರಿಗೆ ಹೊಳೆಯಲಿಲ್ಲವೋ, ಮನಸ್ಸು ಬರಲಿಲ್ಲವೋ, ನನಗೆ ಇಂದಿಗೂ ತಿಳಿಯದು.

ಅಮ್ಮ ಬಾಗಿಲು ತೆಗೆದಳು. ಚಪ್ಪಲಿ ಬಿಡಲು ಅಪ್ಪ ಗೋಡೆಗೆ ಕೈಕೊಟ್ಟರು. ಆ ಹೆಬ್ಬೆರಳನ್ನು ಅಮ್ಮ ನೋಡಿದಳು. "ಸಿಕ್ತಾ?" ಎಂದು ಕೇಳಲಿಲ್ಲ. ಅಪ್ಪನ ಕೈಹಿಡಿದು ಬಚ್ಚಲಿಗೆ ಕರೆದೊಯ್ದು, ಸೋಪು ಹಚ್ಚಿ, ನಾರಿನಲ್ಲಿ ಉಜ್ಜಿ ಬಿಳಿ ಮಾಡಿದಳು. ಆಮೇಲೆ ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಡ್ರಮ್ಮಿನ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ತಂಬಿಗೆಯ ಸದ್ದು ನಮಗೆ ಕೇಳುತ್ತಿತ್ತು. ಸಂಜೆ ಹೊತ್ತಿನಲ್ಲಿ ನಮ್ಮವರು ತಲೆಗೆ ತಣ್ಣೀರು ಹಾಕಿಕೊಳ್ಳುವುದು ಒಂದೇ ಕಾರಣಕ್ಕೆ, ಸಾವಿನ ಸುದ್ದಿ ಬಂದಾಗ. ಅವಳು ಹೊರಬಂದ ಮೇಲೆ ಅಪ್ಪ ಹೋದರು. ಅವರಾದ ಮೇಲೆ ನಾನು. ಮೂವರೂ ಒದ್ದೆ ತಲೆಯಲ್ಲಿ ಕೂತು ಅನ್ನ ಮಜ್ಜಿಗೆ ಕಲಸಿದೆವು. ಅಂದು ದೇವರ ದೀಪ ಹಚ್ಚಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದಾಗ ಅಮ್ಮ, "ನಮ್ ಶ್ರೀಧರ ಬರಲಿ, ಆ ಕಪಾಟು ಸರಿಸಬೇಕು," ಎಂದಳು. ಅಪ್ಪ ಹೌದು ಹೌದು ಎಂದರು. ಹಾಗೆಯೇ ಬದುಕಿ ಇಬ್ಬರೂ ಹೋದರು. ಕ್ರಿಯೆಯಿಲ್ಲ, ತಿಥಿಯಿಲ್ಲ, ಒಂದು ಪಿಂಡವಿಲ್ಲ. ಮೂವರಿಗೂ ಗೊತ್ತಿದ್ದ ಒಂದು ಮಾತನ್ನು ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಅನ್ನ ತಿಂದೆವು. ಒಟ್ಟಿಗೆ ಕೂತು ಒಮ್ಮೆ ಅಳಬಹುದಿತ್ತು. ಅಷ್ಟೂ ಆಗಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಎದೆ ಉರಿಯುತ್ತದೆ. ಯಾರಾದರೂ ಅಣ್ಣನ ಬಗ್ಗೆ ಕೇಳಿದರೆ ನಾನೂ "ಹೊರಗಿದ್ದಾನೆ" ಎನ್ನುತ್ತ ಬಂದೆ. ಹೊರಗೆ ಎಂದರೆ ದುಬೈ ಎಂದುಕೊಳ್ಳುತ್ತಿದ್ದರು.

ಮೆಟ್ಟಿಲು ಮುಗಿಯಿತು. ನಿಖಿಲ ಚಕ್ರವನ್ನು ನನ್ನತ್ತ ಉರುಳಿಸಿದ. ಎಣಿಸಿದೆ, ಕಡ್ಡಿಗಳು ಸರಿಯಿದ್ದವು. ಬಣ್ಣ ಮಂಕಾಗಿತ್ತು. ಕಷ್ಟಪಟ್ಟು ಬಗ್ಗಿ, ಚಕ್ರ ಮಗುಚಿಸಿ, ಗುಂಬದೊಳಗೆ ಹೆಬ್ಬೆರಳು ಇಳಿಸಿದೆ. ಅಕ್ಷರಗಳು ಬೆರಳಿಗೆ ತಾಗಿದವು. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಕಪ್ಪು, ಬರೀ ಕಪ್ಪು.

"ಅಸಲಿನೇ ಕಣಪ್ಪ," ಎಂದೆ.

ಅವನ ಮುಖ ಅರಳಿತು. ಬೆರಳೊರೆಸಿಕೊಳ್ಳಲು ಬಟ್ಟೆ ಕೊಟ್ಟು, "ಆಂಟಿ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದ.

"ನಮ್ಮಣ್ಣ ಹೇಳಿಕೊಟ್ಟಿದ್ದ," ಎಂದೆ. ಹೊರಗಿದ್ದಾನೆ ಎನ್ನುವ ಮಾತು ಅಭ್ಯಾಸದಿಂದ ನಾಲಗೆಯ ತುದಿಗೆ ಬಂತು. ಆದರೆ ಅದನ್ನು ಯಾರಿಗಾಗಿ ಹೇಳಬೇಕೋ ಅವರು ಯಾರೂ ಉಳಿದಿಲ್ಲ. "ಅವನು ತೀರಿಕೊಂಡ."

ಬಾಯಿಬಿಟ್ಟು ಆ ಮಾತು ಹೇಳಿದ್ದು ಅದೇ ಮೊದಲು.

"ಓ, ಸಾರಿ ಆಂಟಿ," ಎಂದು ಹುಡುಗ ಎದ್ದು ನಿಂತ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ: "ಯಾವಾಗ?"

ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

"ಒಂದು ಶನಿವಾರ," ಎಂದೆ.